ಅಪ್‌ಡೇಟ್: ವಿಂಡೋಸ್ 10 ರೀಸ್ಟಾರ್ಟ್ ಸಮಸ್ಯೆ, ಕಾರಣ ಸಿಕ್ಕಿತು

ಹಳೇ ವಿಂಡೋಸ್ 10 ಡೆಸ್ಕ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಪ್ರೈವಸಿ ಬಗ್ಗೆಯೂ ಚಿಂತೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಸಾಲುಸಾಲಾಗಿ ‘ಕರ್ನಲ್-ಪವರ್ 41’. ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮಷೀನ್ ನಿಂತಿದೆ. ಸಮಯ ನೋಡಿದರೆ ಎಲ್ಲವೂ ಕರೆಂಟ್ ಹೋದ ಹೊತ್ತು! ಮಡಿಕೇರಿ ಮಳೆಗಾಲ ಗೊತ್ತಲ್ವಾ? ಯುಪಿಎಸ್ ಬ್ಯಾಟರಿ ಸತ್ತೇ ಹೋಗಿತ್ತು. ನಾನು ಸುಮ್ನೆ ವಿಂಡೋಸನ್ನು ಬೈಯುತ್ತಿದ್ದೆ. ಬ್ಯಾಟರಿ ಬದಲಿಸಿ ಮೂರು ವಾರ ಆಯಿತು, ಒಮ್ಮೆಯೂ ನಿಂತಿಲ್ಲ.

ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿ (ನಮಗೆ ತಕ್ಕ ಜಾಹೀರಾತು ತೋರಿಸಲು ಆ್ಯಪ್‌ಗಳು ಬಳಸುವ ಗುರುತು) ಆಫ್ ಮಾಡಿದೆ. ಮಷೀನಿನ ಬಗ್ಗೆ ಮೈಕ್ರೋಸಾಫ್ಟ್‌ಗೆ ಹೋಗುವ ಡಯಾಗ್ನಾಸ್ಟಿಕ್ ಡೇಟಾವನ್ನು ಕನಿಷ್ಠಕ್ಕೆ ಇಳಿಸಿದೆ. ಹೋಮ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ತಮ್ಮ ಹಾಕಿಕೊಟ್ಟಿದ್ದ ಯಾವುದೋ ‘ಕ್ಲೀನರ್’ ಕೂಡ ತೆಗೆದು ಹಾಕಿದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವ ಇಎಸ್‌ಯು ಯೋಜನೆಗೆ ಸೇರಿದೆ. ಅದಕ್ಕೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆಗಬೇಕಾಯಿತು. ಪ್ರೈವಸಿ ಬೇಕು ಎಂದು ಬಂದವನಿಗೆ ಒಳ್ಳೇ ತಮಾಷೆ! ತೋಟದ ಲೆಕ್ಕದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೂ ಹಾಕಿಟ್ಟಿದ್ದೇನೆ.