ಸಹಾಯ ಬೇಕು: ಅಘನಾಶಿನಿ ಅಳಿವೆಗೆ ಉಬ್ಬರ-ಇಳಿತ ಬಲ್ಲ ಗೈಡ್

ಜನವರಿಯಲ್ಲಿ ಆರು ಜನ ಹಕ್ಕಿ ನೋಡಲು ಹೊರಟಿದ್ದೇವೆ: ಎರಡು ದಿನ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಮೂರನೇ ದಿನ ಗಣೇಶಗುಡಿಯ ಕಾಡು. ಕಾಡಿನ ಕಡೆಗೆ ಗೈಡ್ ಸಿಕ್ಕಿದ್ದಾರೆ, ಬೇಕಿರುವುದು ಅಳಿವೆಗೆ. ಹಕ್ಕಿ ಹೆಸರು ಗೊತ್ತಿದ್ದರೆ ಸಾಲದು, ನೀರಿನ ಲೆಕ್ಕ ಗೊತ್ತಿರಬೇಕು. ಪೂರ್ತಿ ಇಳಿತದಲ್ಲಿ ಗೊರವಗಳು (ಕೆಸರಿನಲ್ಲಿ ಮೇಯುವ ನೀರಹಕ್ಕಿಗಳು) ಕೆಸರಿನ ತುದಿಗೆ ಚದುರಿ ಬರೀ ಚುಕ್ಕೆಗಳಾಗುತ್ತವೆ. ನೀರು ಏರುತ್ತಿದ್ದಂತೆ ದಡದತ್ತ ಒತ್ತಿಕೊಂಡು ಬರುತ್ತವೆ. ಹಾಗಾಗಿ ಉಬ್ಬರಕ್ಕೆ ಎರಡು ಗಂಟೆ ಮೊದಲೇ ಜಾಗದಲ್ಲಿರಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ‘ದಿನಾ ಬೆಳಿಗ್ಗೆ ಆರಕ್ಕೆ’ ಎನ್ನುವ ಸಿದ್ಧ ಪ್ಯಾಕೇಜ್ ದಯವಿಟ್ಟು ಬೇಡ. ಬಿಸಿಲೇರಿದ ಮೇಲೆ ಝಳಕ್ಕೆ ಸ್ಕೋಪನ್ನು (ಹಕ್ಕಿ ನೋಡುವ ದೂರದರ್ಶಕ) 60 ಪಟ್ಟಿಗೆ ಏರಿಸಿದರೂ ಹಸಿರುಕಾಲು ಗೊರವ, ಕೆಂಪುಕಾಲು ಗೊರವ ಎಲ್ಲಾ ಒಂದೇ!

ದೋಣಿ ಹುಟ್ಟು ಹಾಕುವಂಥದ್ದಾಗಿರಲಿ, ಇಂಜಿನ್ ಸದ್ದಿಗೆ ಹಿಂಡು ಏಳುತ್ತದೆ. ದೋಣಿಯನ್ನು ಈ ದಡದ ತದಡಿ ಕಡೆಯಿಂದ ಹತ್ತುವುದೋ, ಆ ದಡದ ಕಾಗಾಲದಿಂದಲೋ? ಬೆಳಗಿನ ಸೂರ್ಯ ಬೆನ್ನಿಗಿರಬೇಕು. ರೆಕಾರ್ಡ್ ಹಾಕಿ ಹಕ್ಕಿ ಕರೆಯುವವರು ಬೇಡ.