ಅಪ್‌ಡೇಟ್: ಲಾನ್ ಮೂವರ್ ಚಕ್ರದ ಕಿರ್ ಕಿರ್ ನಿಂತಿತು

ಕುವೆಂಪುನಗರದ ನಮ್ಮ ಮನೆಯ ಲಾನ್ ಮೂವರ್ ಚಕ್ರ ಕಿರ್ ಅನ್ನುತ್ತೆ, ಪ್ಲಾಸ್ಟಿಕ್ ಬೇರಿಂಗ್‌ಗೆ ಏನು ಹಾಕಲಿ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಈಗ ಸದ್ದಿಲ್ಲ.

ಗ್ರೀಸ್ ಹಚ್ಚಿ ಅಂದಿದ್ದು ಕೆಲಸ ಮಾಡಲಿಲ್ಲ. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮಣ್ಣು, ಹುಲ್ಲಿನ ಪುಡಿ ಎಲ್ಲ ಅಂಟಿಕೊಂಡು ಕರಿ ಅಂಟಿನ ಹಾಗಾಗಿ ಸದ್ದು ಇನ್ನೂ ಜಾಸ್ತಿಯಾಯಿತು. ಕೊಬ್ಬರಿ ಎಣ್ಣೆಯೂ ಅಷ್ಟೇ. ಫಲ ಕೊಟ್ಟಿದ್ದು ಬಿಚ್ಚಿ ತೊಳೆದು ಸಿಲಿಕೋನ್ ಸ್ಪ್ರೇ ಹೊಡೆಯಿರಿ ಅಂದವರ ಮಾತು, ಅವರಿಗೆ ತುಂಬಾ ಥ್ಯಾಂಕ್ಸ್. ಚಕ್ರ ಬಿಚ್ಚಿದರೆ ಆಕ್ಸಲ್‌ಗೆ ಗರಿಕೆ ನಾರು ದಾರದ ಉಂಡೆ ಥರ ಸುತ್ತಿತ್ತು! ಬುಷ್ (ಅದೇ ಆ ಪ್ಲಾಸ್ಟಿಕ್ ಬೇರಿಂಗ್) ಸೋಪು ನೀರಲ್ಲಿ ತೊಳೆದು, ಆಕ್ಸಲ್ ತುಕ್ಕನ್ನು ನುಣುಪು ಎಮರಿ ಪೇಪರ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ತೆಳ್ಳಗೆ ಸ್ಪ್ರೇ ಹೊಡೆದೆ. ನೈಲಾನ್ ಬುಷ್‌ಗೆ ಎಣ್ಣೆ ಅಷ್ಟಾಗಿ ಬೇಕೇ ಇಲ್ಲವಂತೆ, ಅದನ್ನು ತಿನ್ನುತ್ತಿದ್ದಿದ್ದು ಆ ತುಕ್ಕು. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ.