ಅಪ್‌ಡೇಟ್: ಮುಟ್ಟು ತಪ್ಪಿಸಲು ಮಾಲಾ ಮಾತ್ರೆ ಬಿಡದೆ ನುಂಗುವುದು

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮುಟ್ಟಾಗದಂತೆ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಬಿಡದೆ ತೆಗೆದುಕೊಳ್ಳಬಹುದೇ, ಮುಟ್ಟಿನ ರಕ್ತ ಒಳಗೇ ಸೇರಿಕೊಳ್ಳುವುದಿಲ್ಲವೇ ಎಂದು ಕೇಳಿದ್ದೆ. ಶಿವಮೊಗ್ಗದಲ್ಲಿ ಸ್ತ್ರೀರೋಗ ವೈದ್ಯರನ್ನು ಕಂಡು ತಿಳಿದದ್ದು ಇದು.

ಹಾಗೆ ಒಳಗೆ ರಕ್ತ ಸೇರಿಕೊಳ್ಳುವುದಿಲ್ಲ. ಹಾರ್ಮೋನ್ ಸಿಗುತ್ತಿರುವಷ್ಟು ದಿನ ಗರ್ಭಕೋಶದ ಒಳಪದರ ತೆಳ್ಳಗೇ ಉಳಿಯುತ್ತದೆ, ಹೊರಬರಲು ಹೆಚ್ಚೇನೂ ಇರುವುದಿಲ್ಲ. 28ರ ಪಟ್ಟಿಯಲ್ಲಿ ಹಾರ್ಮೋನ್ ಇರುವುದು 21 ಬಿಳಿ ಮಾತ್ರೆಗಳಲ್ಲಿ ಮಾತ್ರ. ಉಳಿದ 7 ಕಬ್ಬಿಣಾಂಶದವು. ಆ ಏಳನ್ನು ಬಿಟ್ಟು ಮರುದಿನವೇ ಹೊಸ ಪಟ್ಟಿಯ ಬಿಳಿ ಮಾತ್ರೆ ಶುರುಮಾಡಬೇಕು, ದಿನವೂ ಒಂದೇ ಹೊತ್ತಿಗೆ. ಛಾಯಾ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆ ಇದಕ್ಕಾಗದು, ಅದರಲ್ಲಿ ಹಾರ್ಮೋನೇ ಇಲ್ಲ.

ನಿಜಕ್ಕೂ ಕಾಡುವುದು ನಡುನಡುವೆ ಕಾಣುವ ರಕ್ತದ ಕಲೆ. ಮೊದಲ 3–6 ತಿಂಗಳು ಇದು ಸಾಮಾನ್ಯ, ಆಮೇಲೆ ಕಡಿಮೆಯಾಗುತ್ತದೆ. ಹಾಗಾಗಿ ಕೊಯ್ಲಿಗೆ ಬೇಕಿದ್ದರೆ ಮಳೆಗಾಲದಲ್ಲೇ ಆರಂಭಿಸುವುದು ಮೇಲು. ಕಲೆ ನಿಲ್ಲದಿದ್ದರೆ, ಕನಿಷ್ಠ 21 ಬಿಳಿ ಮಾತ್ರೆ ಸತತವಾಗಿ ಮುಗಿದಿದ್ದಾಗ 3–4 ದಿನ ಬಿಟ್ಟು ಮತ್ತೆ ಶುರುಮಾಡಬಹುದು. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ಹೀಗೆ ಬಿಟ್ಟರೆ ಗರ್ಭನಿರೋಧಕ ಶಕ್ತಿ ಕುಂದುತ್ತದೆ. ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ.

ದಯವಿಟ್ಟು ಬಿಪಿ ನೋಡಿಸದೆ ಶುರುಮಾಡಬೇಡಿ. 140/90 ದಾಟಿದವರು, ಕಣ್ಣೆದುರು ಮಿಂಚಿನಂತೆ ಕಂಡು ಅರೆತಲೆನೋವು ಬರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಎಳೆಕೂಸಿಗೆ ಹಾಲೂಡುವವರು ಇದನ್ನು ಮುಟ್ಟಬಾರದು. ಟಿಬಿಯ ರಿಫಾಂಪಿಸಿನ್ ಮತ್ತು ಫಿಟ್ಸ್‌ನ ಕೆಲವು ಔಷಧಿಗಳು ಇದರ ಕೆಲಸ ಕೆಡಿಸುತ್ತವೆ. ಒಂದೇ ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಉಸಿರುಕಟ್ಟು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಪಟ್ಟಿಗಳು ಬೇಗ ಮುಗಿಯುತ್ತವೆ, ಮೂರು ಪಟ್ಟಿ 63 ದಿನಕ್ಕಷ್ಟೇ. ಆಶಾ ಅಕ್ಕನಿಗೆ ಮೊದಲೇ ಹೇಳಿಡಿ.